ಹೆಬ್ಬೆರಳಿನ ಅಳತೆ

ಐದನೆಯ ಜೊತೆಯ ಹಿಂದಿನ ಟೈರು ಮುಕ್ಕಾಲು ಪಾಲು ರಿಮ್ಮಿಗೆ ಕೂತಿತ್ತು. ಉಳಿದ ಒಂದು ಗೇಣು ಅಂಚು ಮಾತ್ರ ಒಳಗೆ ಬರಲೊಲ್ಲದೆ ನಿಂತಿತ್ತು. ಅವಳು ಚಕ್ರವನ್ನು ಹೊಟ್ಟೆಗೆ ಒತ್ತಿ ಹಿಡಿದು, ಎದುರು ಬದಿಯಿಂದ ಎರಡೂ ಅಂಗೈಗಳಲ್ಲಿ ಟೈರನ್ನು ಸವರುತ್ತ, ಇದ್ದಬದ್ದ ಸಡಿಲವನ್ನೆಲ್ಲ ವಾಲ್ವಿನ ಕಡೆಗೆ ತಳ್ಳಿಕೊಂಡು ಬಂದಳು. ಸೋಪಿನ ನೀರಿನಲ್ಲಿ ಬೆರಳದ್ದಿ ಅಂಚಿಗೆ ಹಚ್ಚಿದಳು. ಆಮೇಲೆ ಎರಡು ಹೆಬ್ಬೆರಳನ್ನೂ ಪಕ್ಕಪಕ್ಕದಲ್ಲಿಟ್ಟು ಒತ್ತಿದಾಗ ಟೈರು ಟಪ್ಪೆಂದು ಒಳಗೆ ಬಿತ್ತು. ಪಕ್ಕದಲ್ಲೇ ಇದ್ದ, ಟೈರು ಮೀಟುವ ಲಿವರನ್ನು ಅವಳು ಮುಟ್ಟಿರಲಿಲ್ಲ. ಹೊಸ ಟೈರಿಗೆ ಲಿವರು ಹಾಕಿದರೆ ಟ್ಯೂಬು ಎಲ್ಲೋ ಸಿಕ್ಕಿ ಕಚ್ಚಿಕೊಳ್ಳುತ್ತದೆ. ಆಮೇಲೆ ಪಂಕ್ಚರ್ ಆದಾಗ ಬೈಗುಳ ಬೀಳುವುದು ಟೈರಿಗೆ, ಲಿವರಿಗಲ್ಲ.

ಟೈರುಗಳು ಬಂದದ್ದು ಗುರುವಾರ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಆರು ಜೊತೆ. ಕಂಪನಿ ಹೊಸದು, ಚಿಕ್ಕದು; ಟೈರು ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಜೊತೆಗಿದ್ದ ಪತ್ರದಲ್ಲಿ, ನಿಮ್ಮ ಅಂಗಡಿಗೆ ಬರುವ ರೇಸ್ ಸೈಕಲ್ಲಿನವರಲ್ಲಿ ಆರು ಮಂದಿಗೆ ಇವನ್ನು ಹಾಕಿ ಓಡಿಸಲು ಕೊಡಿ, ಓಡಿಸಿದ ದಿನವೇ ಅವರ ಮೊದಲ ಅನಿಸಿಕೆಯನ್ನು ಈ ಫಾರಮ್ಮುಗಳಲ್ಲಿ ಬರೆಸಿ ಸೋಮವಾರ ಬೆಳಿಗ್ಗೆ ಕೊರಿಯರ್ ಮಾಡಿ ಎಂದಿತ್ತು. ಕೊನೆಯಲ್ಲಿ ಇನ್ನೊಂದು ಸಾಲು: ವಿವರಗಳು ಸರಿಯಾಗಿ, ನಂಬುವಂತೆ ಬಂದರೆ, ಮುಂದೆ ನಾವು ಮಾಡುವ ಪ್ರತಿಯೊಂದು ಟೈರೂ ಪರೀಕ್ಷೆಗೆ ಮೊದಲು ನಿಮ್ಮಲ್ಲಿಗೇ ಬರುತ್ತದೆ.

ಆ ಸಾಲನ್ನು ಅವಳು ಕೌಂಟರಿನ ಹತ್ತಿರ ನಿಂತು ಮೂರು ಸಲ ಓದಿದ್ದಳು. ಹದಿನೆಂಟು ವರ್ಷದಿಂದ ಗಂಡನ ಈ ಅಂಗಡಿಯಲ್ಲಿ ಅವಳು ಪಂಕ್ಚರ್ ಹಾಕಿದ್ದಾಳೆ, ಚೈನು ತೊಳೆದಿದ್ದಾಳೆ, ಚಕ್ರದ ಸೊಟ್ಟ ತೆಗೆದಿದ್ದಾಳೆ, ಬಂದವರಿಗೆ ಚಹಾ ಕೊಟ್ಟಿದ್ದಾಳೆ. ನಿನಗೇನನ್ನಿಸುತ್ತದೆ ಎಂದು ಯಾರೂ ಕೇಳಿದ್ದಿಲ್ಲ. ಇದು ಹಾಗೆ ಕೇಳುವ ಕೆಲಸ. ತೂಕ ನೋಡುವುದು, ಗಾಳಿ ಅಳೆಯುವುದು, ಬರೆದಿಡುವುದು, ಹಿಂದಿನದರ ಜೊತೆ ಹೋಲಿಸುವುದು. ಇಂಥದ್ದೊಂದು ಕೆಲಸ ಬೇಕಿತ್ತು ಎಂಬುದೇ ಪತ್ರ ಓದುವ ತನಕ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಿಡಲು ಮನಸ್ಸಾಗಲಿಲ್ಲ.

ಹೊಸ ಟೈರು ಹಳೆಯದಕ್ಕಿಂತ ಐದು ಮಿಲಿಮೀಟರು ಅಗಲ. ಅಗಲ ಹೆಚ್ಚಿದಷ್ಟೂ ಗಾಳಿ ಕಡಿಮೆ ಸಾಕು. ಹಳೆಯದಕ್ಕೆ ಹಾಕಿದಂತೆ ನೂರು ಪೌಂಡು ಹಾಕಿದರೆ ಕಲ್ಲಾಗುತ್ತದೆ. ಒಂದೊಂದು ಹರಳಿನ ಮೇಲೂ ಪುಟಿಯುತ್ತದೆ, ತಿರುವಿನಲ್ಲಿ ನೆಲ ಬಿಡುತ್ತದೆ. ಸವಾರರ ತೂಕಕ್ಕೆ ತಕ್ಕಂತೆ ಎಷ್ಟು ಗಾಳಿ ಎಂಬ ಪಟ್ಟಿಯನ್ನು ಕಂಪನಿಯವರೇ ಕಳಿಸಿದ್ದರು. ಆದ್ದರಿಂದ ಶುಕ್ರವಾರ ಸೈಕಲ್ ಬಿಡಲು ಬಂದವರನ್ನೆಲ್ಲ ಅವಳು ಪಾರ್ಸೆಲ್ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದಳು. ಬಾಯಿಮಾತಿನ ತೂಕವನ್ನು ನಂಬುವಂತಿರಲಿಲ್ಲ. ಗಂಡಸರು ಹೇಳುವುದು ಮದುವೆಯಾದ ವರ್ಷದ ತೂಕ.

ಹಲ್ಲಿನ ಡಾಕ್ಟರು ಎಪ್ಪತ್ತೆರಡು ಎಂದಿದ್ದರು. ತಕ್ಕಡಿ ಎಂಬತ್ತನಾಲ್ಕು ತೋರಿಸಿತು.

"ಬೂಟು ಹಾಕ್ಕೊಂಡಿದ್ದೀನಲ್ಲ ಅತ್ತಿಗೆ."

"ಬೂಟು ಹನ್ನೆರಡು ಕೇಜಿ ಬರಲ್ಲ ಡಾಕ್ಟ್ರೇ."

ಅಚ್ಚುಕೂಟ ನಡೆಸುವ ಅಣ್ಣತಮ್ಮ ಇಬ್ಬರನ್ನು ಎಲ್ಲರೂ ಜೋಡೆತ್ತು ಎನ್ನುತ್ತಿದ್ದರು. ಅವರು ತೂಕಕ್ಕೂ ಒಟ್ಟಿಗೇ ಹತ್ತಲು ಹೋದರು. ನಿವೃತ್ತ ಗಣಿತದ ಮೇಷ್ಟ್ರು ಮಾತ್ರ ತಮ್ಮ ತೂಕವನ್ನು ಸರಿಯಾಗಿ ಹೇಳಿದರು. ದರ್ಜಿ ಲೇಟಣ್ಣ ಬಟ್ಟೆ ಕೊಡುವಷ್ಟೇ ತಡವಾಗಿ, ಅಂಗಡಿ ಮುಚ್ಚುವ ಹೊತ್ತಿಗೆ ಬಂದ. ಐದೂ ಜನರ ಲೆಕ್ಕ ಹಾಕಿ, ಹತ್ತು ಚಕ್ರಗಳಿಗೂ ವಾಲ್ವಿನ ಪಕ್ಕ ಬಿಳಿ ಟೇಪು ಅಂಟಿಸಿ, ಅದರ ಮೇಲೆ ಗಾಳಿ ಎಷ್ಟಿರಬೇಕೆಂದು ಬರೆದಳು. ಮೇಷ್ಟ್ರಿಗೆ ಮುಂದೆ ಅರವತ್ತು, ಹಿಂದೆ ಅರವತ್ತನಾಲ್ಕು. ಡಾಕ್ಟರಿಗೆ ಎಪ್ಪತ್ತು, ಎಪ್ಪತ್ತನಾಲ್ಕು.

ಆರನೆಯ ಜೊತೆ ಗಂಡನ ಪಾಲಿನದು. ಅದು ಗೋಡೆಯ ಕೊಕ್ಕೆಯಲ್ಲಿ ಹಾಗೇ ನೇತಾಡುತ್ತಿತ್ತು. ಎರಡು ವರ್ಷದ ಹಿಂದೆ ಮಂಡಿ ಕೈಕೊಟ್ಟ ಮೇಲೆ ಅವನು ಸೈಕಲ್ ಹತ್ತಿರಲಿಲ್ಲ. ಅವನ ಸೈಕಲ್ಲು ಅದೇ ಗೋಡೆಗೆ ಒರಗಿತ್ತು. ವಾರಕ್ಕೊಮ್ಮೆ ಅವನೇ ಅದರ ಧೂಳು ಒರೆಸುತ್ತಿದ್ದ.

ಶನಿವಾರ ಸಂಜೆ ಅವಳು ಗಂಡನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಗಾಳಿ ನಾನು ಹಾಕಿದ್ದೇನೆ, ಟೇಪಿನ ಮೇಲೆ ಬರೆದಿದ್ದೇನೆ, ಮುಟ್ಟಿದರೆ ಮೆತ್ತಗೆ ಅನ್ನಿಸುತ್ತದೆ, ಹಾಗೇ ಇರಬೇಕು. ಬ್ರೇಕಿನ ತಂತಿಗೆ ಎಣ್ಣೆ ಬಿಡುತ್ತಿದ್ದವನು ಹೂಂ ಎಂದ. ಎರಡನೆಯ ಸಲ ಹೇಳಿದಾಗಲೂ ಹೂಂ ಎಂದ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವನ ಯಾವ ಹೂಂ ಕಿವಿಯೊಳಗಿನಿಂದ ಬಂದದ್ದು, ಯಾವುದು ಗಂಟಲಿನಿಂದ ಮಾತ್ರ ಬಂದದ್ದು ಎಂದು ಅವಳಿಗೆ ಈಗಲೂ ಖಾತ್ರಿಯಾಗಿ ಹೇಳಲು ಬರುವುದಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಸವಾರರು ಅಂಗಡಿಯಿಂದ ಹೊರಡುವುದು. ಆರಕ್ಕೇ ಅತ್ತೆಯ ಮಾತ್ರೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಅತ್ತೆಯನ್ನು ಎಬ್ಬಿಸಿ, ಬೆನ್ನಿಗೆ ಒಂದು ಕೈ ಕೊಟ್ಟು ಕೂರಿಸಿ, ಬಿಸಿನೀರಿನ ಲೋಟವನ್ನು ತುಟಿಗೆ ಹಿಡಿದಿದ್ದಾಗ ಕೆಳಗಿನಿಂದ ನಗು ಕೇಳಿಸಿತು. ನಗುವಿನ ನಡುವೆ ಪಂಪಿನ ಸದ್ದು. ಉಸ್, ಉಸ್, ಉಸ್.

ಆ ಸದ್ದಿನ ಅರ್ಥ ಅವಳಿಗೆ ಗೊತ್ತಿತ್ತು. ಸೈಕಲ್ ಬಿಟ್ಟ ಮೇಲೆ ಭಾನುವಾರದ ಬೆಳಿಗ್ಗೆಯಲ್ಲಿ ಗಂಡನಿಗೆ ಉಳಿದಿದ್ದ ಕೆಲಸವೆಂದರೆ ಅದೊಂದೇ. ಅಂಗಡಿಯ ಬಾಗಿಲಲ್ಲಿ ಪಂಪು ಹಿಡಿದು ನಿಂತು, ಒಬ್ಬೊಬ್ಬರ ಟೈರನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಕಲ್ಲಿನಂತಾಗುವವರೆಗೆ ಗಾಳಿ ಹೊಡೆದು ಬೆನ್ನು ತಟ್ಟಿ ಕಳಿಸುವುದು. ಅವನ ಹೆಬ್ಬೆರಳು ಬೀಳದೆ ಯಾರೂ ಹೊರಡುತ್ತಿರಲಿಲ್ಲ. ಈ ಮನುಷ್ಯ ನಮ್ಮ ಜೊತೆ ಬರದಿದ್ದರೂ ನಮ್ಮವನೇ ಎಂದು ಹೇಳುವ ಅವರ ಕ್ರಮ ಅದು. ಅದು ಅವಳಿಗೂ ಇಷ್ಟವೇ. ಆದರೆ ಇವತ್ತಲ್ಲ.

ಲೋಟ ಕೆಳಗಿಟ್ಟರೆ ಅತ್ತೆ ಹಿಂದಕ್ಕೆ ಬೀಳುತ್ತಾರೆ. ಅವಳು ಅಲ್ಲಿಂದಲೇ ರೀ ಎಂದು ಕೂಗಿದಳು. ಪಂಪು ನಿಲ್ಲಲಿಲ್ಲ.

"ಅವನು ಗಾಳಿ ಹಾಕ್ತಿದ್ದಾನೆ," ಎಂದರು ಅತ್ತೆ, ಮಾತ್ರೆಯನ್ನು ನಾಲಿಗೆಯ ಒಂದು ಪಕ್ಕಕ್ಕೆ ಸರಿಸಿ. "ಅವರಪ್ಪನೂ ಹಿಂಗೇ. ಅಂಗಡೀಲಿ ಒಂದೊಂದು ಹಣ್ಣನ್ನೂ ಹಿಸುಕಿ ನೋಡೋರು. ಹಿಸುಕಿದ್ದನ್ನ ಬಿಟ್ಟು ಬೇರೇದು ಕೊಂಡ್ಕೊಳ್ಳೋರು."

"ನುಂಗಿ ಅತ್ತೆ."

ಅವಳು ಇಳಿದು ಬರುವಷ್ಟರಲ್ಲಿ ಬೀದಿ ಖಾಲಿ. ಗಂಡ ಪಂಪಿನ ಕೊಳವೆಯನ್ನು ಸುತ್ತುತ್ತಿದ್ದ.

"ಗಾಳಿ ಹಾಕಿದ್ರಾ?"

"ಹಾಕದೆ ಕಳಿಸೋಕಾಗುತ್ತಾ? ಒಂದೂ ಗಟ್ಟಿ ಇರಲಿಲ್ಲ. ನೀನು ನಿನ್ನೆ ಗಾಳಿ ತುಂಬೋದೇ ಮರೆತಿದ್ದೀಯ." ಸ್ವರ ತಗ್ಗಿಸಿ, "ಅವರ ಮುಂದೆ ನಾನೇನೂ ಹೇಳಲಿಲ್ಲ ಬಿಡು," ಎಂದ.

ಅವಳನ್ನು ಕಾಪಾಡಿದ್ದೇನೆಂದು ಅವನು ನಿಜವಾಗಿಯೂ ನಂಬಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಿನ್ನೆ ಎರಡು ಸಲ ಹೇಳಿದ್ದೆನಲ್ಲ ಎಂದಳು. ಯಾವಾಗ ಎಂದ. ಟೇಪು ತೋರಿಸೋಣವೆಂದರೆ ನಾಲ್ವರ ಟೇಪುಗಳೂ ಆಗಲೇ ಬೀದಿ ದಾಟಿ ಉರುಳುತ್ತಿದ್ದವು; ಇನ್ನೂ ಬರದ ಲೇಟಣ್ಣನ ಸೈಕಲ್ಲೊಂದೇ ಒಳಗಿತ್ತು, ಅದನ್ನು ತೋರಿಸಿದರೆ ಅದಕ್ಕೂ ಪಂಪು ಹಚ್ಚುತ್ತಿದ್ದ. ಮೇಷ್ಟ್ರ ಫೋನಿಗೆ ಮಾಡಿದಳು. ಅವರ ಬೆನ್ನಿನ ಜೇಬಿನಲ್ಲಿ ಅದು ಬಡಿದುಕೊಂಡು ಸುಮ್ಮನಾಯಿತು.

ಗಂಡ ಮುಖ ತೊಳೆಯಲು ಒಳಗೆ ಹೋಗಿದ್ದಾಗ ಲೇಟಣ್ಣ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಓಡಿ ಬಂದ. ಒಳಗಿನಿಂದ ಗಂಡ, ಯಾರದು, ಲೇಟಣ್ಣನಾ, ಇರು ಬಂದೆ, ಎಂದು ಕೂಗಿದ. ಅವಳು ಲೇಟಣ್ಣನ ಕೈಗೆ ಸೈಕಲ್ ಕೊಟ್ಟು, ಗಾಳಿ ಸರಿಯಾಗಿದೆ, ಹೊರಡಿ, ಹಿಡಿಯಿರಿ ಅವರನ್ನ, ಎಂದಳು. ಗಂಡ ಟವೆಲ್ ಹಿಡಿದು ಹೊರಗೆ ಬಂದಾಗ, ಹೋಗಿಬಿಟ್ಟರು ಎಂದಳು. ಅಷ್ಟು ಮಾತ್ರ ಅವಳ ಕೈಲಾಗಿದ್ದು.

ಅವರು ಮರಳಿ ಬಂದದ್ದು ಒಂಬತ್ತೂವರೆಗೆ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮೇಷ್ಟ್ರ ಮೊಣಕೈ ತರಚಿ ರಕ್ತ ಒಣಗಿತ್ತು; ಇಳಿಜಾರಿನ ತಿರುವಿನಲ್ಲಿ ಮುಂದಿನ ಚಕ್ರ ಕೈಬಿಟ್ಟಿತ್ತಂತೆ. ಜೋಡೆತ್ತುಗಳಲ್ಲಿ ಅಣ್ಣ ಬೆರಳುಗಳನ್ನು ಮಡಿಸಿ ಬಿಚ್ಚಿ, ಜೋಮು ಹಿಡಿದಿದೆ, ಲೋಟ ಹಿಡಿಯಲಾರೆ ಎಂದ. ತಮ್ಮ, ನನಗೂ ಅಷ್ಟೇ ಎಂದ. ಡಾಕ್ಟರು ಸೀಟಿನಿಂದ ಇಳಿದು ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತರು.

"ಮಂಚದ ಕಾಲಿನ ಮೇಲೆ ಕೂತು ನಲವತ್ತು ಕಿಲೋಮೀಟರ್ ಹೋದ ಹಾಗಾಯ್ತು ಅತ್ತಿಗೆ. ನನ್ನ ಹತ್ರ ಬರೋರಿಗಾದ್ರೆ ನಾನು ಮರಗಟ್ಟೋ ಇಂಜೆಕ್ಷನ್ ಆದ್ರೂ ಕೊಡ್ತೀನಿ."

ಗಂಡ ಎಲ್ಲರ ನಡುವೆ ಸ್ಟೂಲು ಹಾಕಿಕೊಂಡು ಕೂತಿದ್ದ. ಒಂದೊಂದು ದೂರಿಗೂ ತಲೆದೂಗಿ, ಮೊದಲೇ ಅಂದ್ಕೊಂಡಿದ್ದೆ, ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಚಹಾ ಸೋಸುತ್ತಿದ್ದ ಅವಳಿಗೆ ನೆನಪಾಯಿತು. ಗಾದೆ ಕಟ್ಟಿದವರು ಅಲ್ಲಿಯೂ ಹೆಣ್ಣನ್ನೇ ಕುಣಿಸಿದ್ದರು.

ಲೇಟಣ್ಣ ಒಬ್ಬನೇ ಬೇರೆ ಮಾತಾಡಿದ. ಚಹಾ ಬರುವ ಮೊದಲು, ಸೈಕಲ್ಲಿನಿಂದ ಇಳಿದ ಕೂಡಲೇ, ನನಗೇನೋ ಹಾಸಿಗೆಯಿಂದ ಎದ್ದೇ ಇಲ್ಲ ಅನ್ನೋ ಥರ ಇತ್ತಪ್ಪಾ, ಆ ಕಲ್ಲು ಕಿತ್ತ ರಸ್ತೆಯಲ್ಲೂ ಹಲ್ಲು ಅಲ್ಲಾಡಲಿಲ್ಲ, ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ನೀನು ನಿದ್ದೆಯಲ್ಲೇ ಓಡಿಸಿದ್ದೀಯ ಎಂದರು ಡಾಕ್ಟರು. ಲೇಟಣ್ಣನೂ ನಕ್ಕ. ಚಹಾ ಅರ್ಧ ಮುಗಿಯುವಷ್ಟರಲ್ಲಿ, ಹೌದು, ಈಗ ನೆನಪಿಸಿಕೊಂಡರೆ ಸ್ವಲ್ಪ ಗಡಸೇ ಇತ್ತು, ಎಂದ. ಲೋಟ ಕೆಳಗಿಡುವ ಹೊತ್ತಿಗೆ ಅವನ ಕೈಗೂ ಜೋಮು ಹಿಡಿದಿತ್ತು.

ಅವಳಿಗೆ ತಡೆಯಲಾಗಲಿಲ್ಲ. ಗಾಳಿ ಅಳೆಯುವ ಮೀಟರು ತಂದು, ಅವರ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ವಾಲ್ವಿಗೆ ಒತ್ತಿ ಗಟ್ಟಿಯಾಗಿ ಓದಿದಳು. ನೂರಐದು. ನೂರಐದು. ನೂರಎಂಟು. ನೂರು. ಲೇಟಣ್ಣನದು ಮಾತ್ರ ಅರವತ್ತೆರಡು.

"ಟೇಪಿನ ಮೇಲೆ ಬರೆದಿದ್ನಲ್ಲ. ಯಾರೂ ನೋಡಲಿಲ್ವಾ?"

"ಅದಾ," ಎಂದರು ಡಾಕ್ಟರು. "ಲಾಂಡ್ರಿಯವರು ಹಾಕೋ ನಂಬರ್ ಥರ ಏನೋ ಗುರುತು ಅಂದ್ಕೊಂಡೆ."

ಮೇಷ್ಟ್ರು ತಮ್ಮ ಟೇಪನ್ನು ಬಗ್ಗಿ ನೋಡಿದರು. ಮತ್ತೆ ಮೀಟರನ್ನು ನೋಡಿದರು. ಲೆಕ್ಕ ಬಲ್ಲವರು, ಅವರಿಗೆ ಅರ್ಥವಾಗಿದೆ ಎಂದು ಅವಳಿಗೆ ತಿಳಿಯಿತು. ಅವರು ಒಮ್ಮೆ ಅವಳ ಗಂಡನ ಕಡೆಗೆ ಕಣ್ಣು ಹಾಯಿಸಿ, ಮೊಣಕೈಯ ಗಾಯವನ್ನು ಊದಿಕೊಂಡರು.

"ಒಳ್ಳೆ ಟೈರು ಅಂದ್ರೆ ಎಷ್ಟು ಗಾಳಿ ಹಾಕಿದ್ರೂ ಒಳ್ಳೇದಾಗೇ ಇರಬೇಕಮ್ಮ," ಎಂದರು ಮೆಲ್ಲಗೆ.

ಗಂಡ ಸ್ಟೂಲಿನಿಂದ ಎದ್ದು ಖಾಲಿ ಲೋಟಗಳನ್ನು ತಾನೇ ಎತ್ತಿಕೊಂಡ. ಅವನು ಯಾವತ್ತೂ ಲೋಟ ಎತ್ತಿದವನಲ್ಲ.

ಎಲ್ಲರೂ ಹೋದ ಮೇಲೆ ಫಾರಮ್ಮುಗಳು ಬಂದು ಅವಳ ಮುಂದೆ ಬಿದ್ದವು. ಅಕ್ಷರ ಚೆನ್ನಾಗಿದೆ ಎಂಬ ನೆಪದಲ್ಲಿ ಎಲ್ಲರ ಬರವಣಿಗೆಯೂ ಅವಳದೇ. ಐವರೂ ಖಾಲಿ ಹಾಳೆಗೆ ಸಹಿ ಹಾಕಿ ಹೋಗಿದ್ದರು. ಗಂಡ ಹೇಳುತ್ತ ಹೋದ. ಗಡಸು. ನಡುಕ ಹೆಚ್ಚು. ತಿರುವಿನಲ್ಲಿ ಜಾರುತ್ತದೆ. ಗಾಳಿ ಎಷ್ಟಿತ್ತು ಎಂಬ ಕಲಮಿಗೆ ಬಂದಾಗ ಅವಳು ಪೆನ್ನು ಎತ್ತಿ ಹಿಡಿದಳು.

"ಅಲ್ಲಿ ನೀನು ಟೇಪಿನ ಮೇಲೆ ಬರೆದಿದ್ದೆಯಲ್ಲ, ಅದನ್ನೇ ಹಾಕು."

"ಅಷ್ಟು ಇರಲಿಲ್ವಲ್ಲ."

"ನೂರು ಅಂತ ಬರೆದ್ರೆ, ಅಂಗಡಿಯವನಿಗೆ ಓದೋಕೆ ಬರಲ್ವಾ ಅಂತಾರೆ. ಉಸ್ತುವಾರಿ ಅಂತ ನನ್ನ ಹೆಸರಿದೆ ಅದರಲ್ಲಿ."

"ಅವರು ಹೇಳಿದಷ್ಟೇ ಗಾಳಿ ಹಾಕಿದ್ರೂ ಟೈರು ಜಾರಿತು ಅಂತ ಆಗುತ್ತೆ. ಟೈರೇ ಸರಿಯಿಲ್ಲ ಅಂತ ಆಗುತ್ತೆ."

"ಐದು ಜನ ಹೇಳ್ತಿದ್ದಾರೆ ಸರಿಯಿಲ್ಲ ಅಂತ. ನೀನೊಬ್ಬಳು ಹೇಳೋದು ಏನಿದೆ ಅದರಲ್ಲಿ?"

ಆರನೆಯ ಫಾರಮ್ಮಿಗೂ ಅವನು ಅದೇ ಸಾಲುಗಳನ್ನು ಹೇಳಿದ. ನೀವು ಹತ್ತಲೇ ಇಲ್ಲವಲ್ಲ ಎಂದದ್ದಕ್ಕೆ, ಮುಟ್ಟಿ ನೋಡಿದ್ದೀನಲ್ಲ ಎಂದ. ಹಾಗೆನ್ನುವಾಗ ಅವನ ಹೆಬ್ಬೆರಳು ಮೇಜಿನ ಅಂಚನ್ನು ಒತ್ತುತ್ತಿತ್ತು. ಆಮೇಲೆ, ನೀನೇ ಸರಿಮಾಡಿ ಬರೆದುಬಿಡು, ನಿನಗೆ ಗೊತ್ತಲ್ಲ, ಎಂದು ಮಂಡಿ ಹಿಡಿದುಕೊಂಡು ಎದ್ದ. ಊಟ ಮಾಡಿ ಮಲಗಿದ.

ಸರಿಮಾಡುವುದು ಅವಳಿಗೆ ಗೊತ್ತಿತ್ತು. ಅವನು ತಪ್ಪಾಗಿ ಬಿಗಿದ ಬೋಲ್ಟನ್ನು ಅವನು ಆಚೆ ಹೋದಾಗ ಬಿಚ್ಚಿ ಬಿಗಿದಿದ್ದಾಳೆ. ಗಿರಾಕಿಗೆ ಅವನು ಆಡಿದ ಒರಟು ಮಾತಿನ ಹಿಂದೆಯೇ ಚಹಾ ತಂದಿಟ್ಟಿದ್ದಾಳೆ. ಬೆಣ್ಣೆಯಿಂದ ಕೂದಲು ತೆಗೆದಂತೆ, ಯಾರಿಗೂ ಗೊತ್ತಾಗದ ಹಾಗೆ. ಹಾಗೆ ತೆಗೆದದ್ದನ್ನೆಲ್ಲ ಕೂಡಿಟ್ಟಿದ್ದರೆ ಒಂದು ಜಡೆಯನ್ನೇ ಹೆಣೆಯಬಹುದಿತ್ತು.

ಮೇಲಿನಿಂದ ಗೊರಕೆ ಕೇಳಿಸಿದ ಮೇಲೆ ಅವಳು ಕೊಕ್ಕೆಯಿಂದ ಆರನೆಯ ಜೊತೆಯನ್ನು ಇಳಿಸಿದಳು. ಗಂಡನ ಸೈಕಲ್ಲಿನ ಹಳೆಯ ಟೈರುಗಳನ್ನು ಕಳಚಿ ಇವನ್ನು ಹಾಕಿದಳು. ಮೊದಲಿನ ಹತ್ತಕ್ಕಿಂತ ಇವು ಸುಲಭವಾಗಿ ಕೂತವು, ಅಥವಾ ಸಿಟ್ಟಿನಲ್ಲಿ ಹೆಬ್ಬೆರಳಿಗೆ ನೋವು ತಿಳಿಯಲಿಲ್ಲ. ತಾನೂ ತಕ್ಕಡಿ ಹತ್ತಿದಳು. ಅರವತ್ತೊಂದು. ಪಟ್ಟಿ ನೋಡಿ ಮುಂದೆ ಐವತ್ನಾಲ್ಕು, ಹಿಂದೆ ಐವತ್ತೆಂಟು ಗಾಳಿ ಹಾಕಿದಳು. ಸ್ಪ್ಯಾನರಿನಿಂದ ಸೀಟನ್ನು ನಾಲ್ಕು ಬೆರಳು ಇಳಿಸಿದಳು. ಷಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ, ಸೈಕಲ್ಲನ್ನು ಹೊರಗೆ ತಳ್ಳಿಕೊಂಡು ಬಂದಳು.

ರಿಪೇರಿಯಾದ ಸೈಕಲ್ಲುಗಳನ್ನು ಬೀದಿಯ ತುದಿಯವರೆಗೆ ಓಡಿಸಿ ನೋಡುವುದು ಅವಳಿಗೆ ದಿನನಿತ್ಯದ ಮಾತು. ಇವತ್ತು ತುದಿ ದಾಟಿದಳು. ಮೊದಲು ಗೊತ್ತಾದದ್ದು ಸದ್ದು. ಕಿರಿದಾದ ಟೈರುಗಳು ರಸ್ತೆಯ ಮೇಲೆ ಚರಚರ ಎನ್ನುತ್ತವೆ. ಇದು ಬಾಯಿ ಮುಚ್ಚಿಕೊಂಡು ಹಾಡುವವರ ಹಾಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಗೋದಾಮಿನ ಹಿಂದಿನ ಇಟ್ಟಿಗೆ ರಸ್ತೆಗೆ ಬಂದಾಗ ಎಂದಿನಂತೆ ಹಲ್ಲು ಕಚ್ಚಿ ಹಿಡಿದಳು. ಅದರ ಅಗತ್ಯ ಬೀಳಲಿಲ್ಲ. ಇಟ್ಟಿಗೆಗಳು ಇದ್ದವು, ಒಂದೊಂದೂ ಕೈಗೆ ತಿಳಿಯುತ್ತಿತ್ತು, ಆದರೆ ಯಾವುದೂ ಚುಚ್ಚಲಿಲ್ಲ. ರೈಲು ಹಳಿಗಳ ಮೇಲೆ ಎರಡು ಸಲ ಅತ್ತಿಂದಿತ್ತ ದಾಟಿದಳು. ಆಮೇಲೆ ಶಾಲೆಯ ಗೋಡೆಯ ಪಕ್ಕದ ಇಳಿಜಾರು ತಿರುವು, ಮೇಷ್ಟ್ರು ಬಿದ್ದದ್ದು ಇಂಥದ್ದೇ ತಿರುವಿನಲ್ಲಿ. ಬ್ರೇಕು ಬಿಟ್ಟು ಸೈಕಲ್ಲನ್ನು ವಾಲಿಸಿದಳು. ಹಿಂದಿನ ಚಕ್ರ ನೆಲಕ್ಕೆ ಕಚ್ಚಿಕೊಂಡು ಬಂತು. ಮುಂದಿನದು ಮಾತ್ರ ಒಂದು ಕ್ಷಣ ಅನುಮಾನಿಸಿತು.

ಇಳಿದು, ಜೊತೆಗೆ ತಂದಿದ್ದ ಕೈಪಂಪಿನಿಂದ ಮುಂದಿನ ಚಕ್ರಕ್ಕೆ ಎರಡು ಪೌಂಡು ಸೇರಿಸಿ, ಮತ್ತೆ ಮೇಲೆ ಹೋಗಿ ಅದೇ ತಿರುವನ್ನು ಇಳಿದಳು. ಈ ಸಲ ಅನುಮಾನವಿರಲಿಲ್ಲ. ಮೂರನೆಯ ಸಲವೂ ಇಳಿದಳು, ಅದು ಪರೀಕ್ಷೆಗಲ್ಲ. ಕೆಳಗೆ ನಿಂತಾಗ ಎದೆ ಹೊಡೆದುಕೊಳ್ಳುತ್ತಿತ್ತು, ಸಿಟ್ಟು ಮಾತ್ರ ಇದ್ದಲ್ಲೇ ಇತ್ತು. ಬೆಳಿಗ್ಗೆ ಐದು ನಿಮಿಷ ಮೊದಲು ಇಳಿದು ಬಂದಿದ್ದರೆ ಎಲ್ಲರಿಗೂ ಇದು ಸಿಗುತ್ತಿತ್ತು. ಮಾತ್ರೆ ಐದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು? ಹೂಂ ಎಂದಾಗ ತಲೆ ಎತ್ತಿ ಅವನು ಅವಳನ್ನು ನೋಡಿದ್ದರೆ?

ವಾಪಸ್ಸು ಬಂದು ಷಟರಿನಡಿ ನುಸುಳುವಾಗ ಮೇಲಿನ ಕಿಟಕಿಯಿಂದ ಅತ್ತೆಯ ದನಿ ಬಂತು.

"ತಲೆ ಬಾಚ್ಕೊಳ್ಳೇ. ಅವನು ಎದ್ದ ಹಾಗಿದೆ."

ಅವಳು ತಲೆ ಬಾಚಿಕೊಂಡು ಕೌಂಟರಿಗೆ ಬಂದು ಫಾರಮ್ಮುಗಳನ್ನು ಹರವಿದಳು. ಗಾಳಿಯ ಕಲಮು ಐದರಲ್ಲೂ ಖಾಲಿಯಿತ್ತು; ಲೇಟಣ್ಣನದನ್ನೂ ಆರನೆಯದನ್ನೂ ಗಂಡ ಹೇಳಿದಾಗ ಅವಳು ಬರೆದುಕೊಂಡೇ ಇರಲಿಲ್ಲ. ನಿಜ ಬರೆದರೆ ಯಾರ ಕೈಯಲ್ಲಿ ಪಂಪಿತ್ತು ಎಂದು ಕಂಪನಿಯವರಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಭಾನುವಾರದ ಆ ಬಾಗಿಲು, ಆ ಪಂಪು, ಅವನು ಒಬ್ಬೊಬ್ಬರ ಬೆನ್ನು ತಟ್ಟುವ ರೀತಿ, ಎಲ್ಲವೂ ಕಣ್ಣಮುಂದೆ ಬಂತು. ಸುಳ್ಳು ಬರೆದರೆ ಒಂದು ಒಳ್ಳೆಯ ಟೈರು ಕೆಟ್ಟದ್ದೆನಿಸಿಕೊಂಡು ಮೂಲೆ ಸೇರುತ್ತದೆ. ಇಂಥ ಪೆಟ್ಟಿಗೆ ಮತ್ತೆ ಈ ಅಂಗಡಿಗೆ ಬರುವುದಿಲ್ಲ. ಬಂದರೂ ಅದರ ಜೊತೆಗೆ ಬರುವ ಪ್ರಶ್ನೆಗಳಿಗೆ ಅವಳು ಉತ್ತರ ಕೊಡಲು ಯೋಗ್ಯಳಾಗಿರುವುದಿಲ್ಲ.

ಮಹಡಿಯ ಮೆಟ್ಟಿಲ ಮೇಲೆ ಗಂಡನ, ಒಂದೇ ಕಾಲಿಗೆ ಭಾರ ಕೊಟ್ಟ ಹೆಜ್ಜೆ ಕೇಳಿಸಿತು. ಅವಳು ಪೆನ್ನು ತೆಗೆದುಕೊಂಡಳು. ಮೇಷ್ಟ್ರ ಫಾರಮ್ಮಿನಲ್ಲಿ: ಇರಬೇಕಾದದ್ದು ಅರವತ್ತು, ಇದ್ದದ್ದು ನೂರಐದು. ಡಾಕ್ಟರದ್ದರಲ್ಲಿ, ಜೋಡೆತ್ತುಗಳದ್ದರಲ್ಲಿ ಹಾಗೆಯೇ. ಗಾಳಿ ಹಾಕಿದ್ದು ಯಾರು ಎಂದು ಫಾರಮ್ಮಿನಲ್ಲಿ ಕೇಳಿರಲಿಲ್ಲ, ಅವಳೂ ಬರೆಯಲಿಲ್ಲ. ಲೇಟಣ್ಣನದರಲ್ಲಿ ಚಹಾಕ್ಕೆ ಮೊದಲು ಅವನು ಆಡಿದ ಮಾತನ್ನೇ, ಹಾಸಿಗೆಯ ಸಮೇತ, ಬರೆದಳು. ಆರನೆಯ ಫಾರಮ್ಮಿನ ಮೇಲಿನ ಸಾಲಿನಲ್ಲಿ ತನ್ನ ಹೆಸರು ಬರೆದಳು. ತೂಕ ಅರವತ್ತೊಂದು. ಮುಂದಿನ ಗಾಳಿ ಐವತ್ನಾಲ್ಕಕ್ಕೆ ತಿರುವಿನಲ್ಲಿ ಸ್ವಲ್ಪ ಅನುಮಾನ, ಐವತ್ತಾರಕ್ಕೆ ಇಲ್ಲ. ನಿಮ್ಮ ಪಟ್ಟಿಯಲ್ಲಿ ಹಗುರ ತೂಕದವರಿಗೆ ಎರಡು ಪೌಂಡು ಏರಿಸಿ ನೋಡುವುದು ಒಳ್ಳೆಯದು.

ಲಕೋಟೆಯ ಅಂಚಿಗೆ ಗೋಂದು ಹಚ್ಚಿ, ಎರಡೂ ಹೆಬ್ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಒತ್ತಿಕೊಂಡು ಬಂದಳು.

"ಎಲ್ಲಾ ಬರೆದಾಯ್ತಾ?" ಗಂಡ ಆಕಳಿಸುತ್ತ ಬಾಗಿಲಲ್ಲಿ ನಿಂತಿದ್ದ.

"ಆಯ್ತು."

"ಸರಿಮಾಡಿ ಬರೆದೆ ತಾನೆ?"

ಹೂಂ ಎಂದಳು. ಅವನು ಚಹಾ ಕೇಳಿದ. ಅವಳು ಎದ್ದು, ಕೌಂಟರಿನ ಮೇಲಿದ್ದ ಸ್ಪ್ಯಾನರನ್ನು ಗೋಡೆಯ ಮೊಳೆಗೆ ಸಿಕ್ಕಿಸಿದಳು. ಸೀಟು ಅವಳ ಎತ್ತರದಲ್ಲೇ ಇತ್ತು.